ಅಬ್ಬಿ ನೀರಿನಲ್ಲಿ ಮಣ್ಣು ತೊಳೆದು ಹಲ್ಲು ಹೆಕ್ಕಿದ್ದು

ತೀರ್ಥಹಳ್ಳಿ ಕಡೆ ಕೂತು ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆ ಕೆಲಸ ಮಾಡುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ಶಿವಮೊಗ್ಗ ಸೀಮೆಯ ಕಲ್ಲಿಗೆ 250 ಕೋಟಿ ವರ್ಷ ಮೀರಿದೆ, ಮೀನು ಕೂಡ ಹುಟ್ಟಿರದ ಕಾಲ ಅದು, ಅಲ್ಲೇನು ಹುಡುಕ್ತೀಯ ಅಂದರು. ಅದು ನನಗೂ ಗೊತ್ತಿತ್ತು. ನಾನು ನಂಬಿದ್ದು ಇಲ್ಲಿಯ ನೀರನ್ನು. ಸಣ್ಣ ಪಳೆಯುಳಿಕೆಗಾಗಿ ಮಣ್ಣನ್ನು ಜರಡಿಯಲ್ಲಿ ತೊಳೆಯುವವರಿಗೆ ನೀರಿನ ಕಷ್ಟ ಏನು ಅಂತ ಹೇಳಬೇಕಾಗಿಲ್ಲ. ಮಣ್ಣಿರುವ ಕಡೆ ನೀರಿಲ್ಲ, ಟ್ಯಾಂಕರ್ ತರಿಸಿದರೆ ದುಡ್ಡೆಲ್ಲ ಅದಕ್ಕೇ. ನಮ್ಮ ಮನೆ ಹಿಂದೆ ಗುಡ್ಡದಿಂದ ಇಳಿಯುವ ಅಬ್ಬಿ ನೀರು ವರ್ಷವಿಡೀ ಸುಮ್ನೆ ಹರಿಯುತ್ತದೆ.

ತೊಳೆಯೋಕೆ ತರಿಸಿದ ಮಣ್ಣು ತೆಲಂಗಾಣದ ನಸ್ಕಲ್ ಕಡೆಯದು, ಲಾವಾ ಪದರಗಳ ನಡುವಿನ ಕೆಸರುಗಲ್ಲು. 1988ರಲ್ಲಿ ಪಳೆಯುಳಿಕೆ ವಿಜ್ಞಾನಿಗಳಾದ ಪ್ರಸಾದ್ ಮತ್ತು ಸಾಹ್ನಿ ಅಲ್ಲಿಂದಲೇ ಡೆಕ್ಕನೋಲೆಸ್ಟಿಸ್ ಅನ್ನೋ ಡೈನೋಸಾರ್ ಕಾಲದ ಪುಟ್ಟ ಸಸ್ತನಿಯನ್ನು ವರದಿ ಮಾಡಿದ್ದು. ಸಂಶೋಧಕ ಗೆಳೆಯರೊಬ್ಬರು ತಮ್ಮ ಪಾಲಿನ ಮಣ್ಣಲ್ಲಿ ಒಂದಷ್ಟು ಮೂಟೆ ಕೊಟ್ಟರು. ಅಡಿಕೆ ಇಳಿಸಿ ಖಾಲಿ ಬರುತ್ತಿದ್ದ ಲಾರಿಗೆ ಹಾಕಿಸಿದೆ. ಬಾಡಿಗೆ ಎರಡು ಸಾವಿರದ ಒಳಗೇ ಮುಗಿಯಿತು.

ಕಷ್ಟ ಶುರುವಾಗಿದ್ದು ಆಮೇಲೆ. ಬರೀ ನೀರಲ್ಲಿ ನೆನೆಸಿದರೆ ಹೆಂಟೆ ಕರಗಲೇ ಇಲ್ಲ. ಹೈಡ್ರೋಜನ್ ಪೆರಾಕ್ಸೈಡ್‌ಗೆ ಮೂರು ಸಾವಿರದಷ್ಟು ಸುರಿದೆ. ನೊರೆ ಬಂತು, ಮೇಲಿನ ಪದರ ಬಿಟ್ಟಿತು, ಒಳಗೆ ಹಾಗೇ ಗಟ್ಟಿ. ಸೀಮೆಎಣ್ಣೆ ಕುಡಿಸಿ ಆಮೇಲೆ ನೀರು ಹಾಕಿ ಹೆಂಟೆ ಒಡೆಯುವ ಉಪಾಯ ಈ ಕೆಲಸದವರಿಗೆಲ್ಲ ಗೊತ್ತು, ಆದರೆ ಅದಕ್ಕೆ ಮಣ್ಣು ಪೂರ್ತಿ ಒಣಗಿರಬೇಕು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗೋದಿಲ್ಲ! ಮೂರು ವಾರ ಹರವಿಟ್ಟ ಮಣ್ಣು ಸೀಮೆಎಣ್ಣೆ ಕುಡಿಯಲೇ ಇಲ್ಲ. ‘ಮೊದಲೇ ಹೇಳಿದ್ವಲ್ಲ’ ಅಂತ ಫೋನು ಬಂತು.

ದಾರಿ ತೋರಿಸಿದ್ದು ಅಡಿಕೆ ಡ್ರೈಯರ್. ಮಳೆಗಾಲದಲ್ಲಿ ಅದು ಖಾಲಿ ಬಿದ್ದಿರುತ್ತದೆ. ಹೆಂಟೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಒಡೆದು, ಸುಮಾರು 60 ಡಿಗ್ರಿಯಲ್ಲಿ ಎರಡು ದಿನ ಇಟ್ಟೆ. ಪೂರ್ತಿ ತಣ್ಣಗಾದ ಮೇಲೆ ಬೇರೆ ಕೊಟ್ಟಿಗೆಗೆ ಸಾಗಿಸಿ ಸೀಮೆಎಣ್ಣೆಯಲ್ಲಿ ಮುಳುಗಿಸಿದೆ. ಬಿಸಿ ಮಣ್ಣಿನ ಹತ್ತಿರ ಸೀಮೆಎಣ್ಣೆ ತರಲೇಬೇಡಿ. ಮಾರನೇ ದಿನ ಎಣ್ಣೆ ಬಸಿದು ನೀರು ಹಾಕಿದೆ. ಕಾಲು ಗಂಟೆಯಲ್ಲಿ ಹೆಂಟೆಗಳು ಬಿರುಕು ಬಿಟ್ಟು, ಪದರ ಪದರವಾಗಿ ಕುಸಿದು ಕೆಸರಾದವು. ಅದನ್ನು ನೋಡ್ತಾ ನಿಂತವನಿಗೆ ಊಟದ ನೆನಪೂ ಬರಲಿಲ್ಲ. ಬಸಿದ ಎಣ್ಣೆ ಮುಂದಿನ ಕಂತಿಗೆ ಬಂತು. ತೊಳೆದ ನೀರನ್ನು ತೋಟಕ್ಕೆ ಬಿಡದೆ ಬೇರೆ ಗುಂಡಿಗೆ ಬಿಟ್ಟೆ. ಬಸಿಯುವ ಮೊದಲು ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಜರಡಿ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಹಿಬ್ಬರ್ಡ್ 1949ರಲ್ಲಿ ಬರೆದ ಮಾದರಿಯ ಮರದ ಪೆಟ್ಟಿಗೆಯೇ. ಊರಿನ ಬಡಗಿ ಮಾಡಿಕೊಟ್ಟರು. ತಳಕ್ಕೆ 40 ಮೆಶ್‌ನ, ಅಂದರೆ ಇಂಚಿಗೆ 40 ಕಣ್ಣಿನ, ಸ್ಟೀಲ್ ಜಾಲರಿ. ಕಿಟಕಿಯ ಸೊಳ್ಳೆ ಜಾಲರಿ ಅಗ್ಗ, ನಿಜ, ಆದರೆ ಅದರಲ್ಲಿ ಸಣ್ಣ ಹಲ್ಲು ನಿಲ್ಲೋದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮಾರ್ಕೆಟ್ಟಿನಿಂದ ಕೊರವ ಮೀನಿನ ತಲೆ ತಂದು ಬೇಯಿಸಿ, ಹಲ್ಲು ಬಿಡಿಸಿ, ಉಗುರುಬಣ್ಣ ಹಚ್ಚಿ, ಬೇಡದ ಮಣ್ಣಲ್ಲಿ ಕಲಸಿ ತೊಳೆದೆ. ಹತ್ತಕ್ಕೆ ಎಂಟೊಂಬತ್ತು ವಾಪಸ್ ಬಂದವು. ಸೊಳ್ಳೆ ಜಾಲರಿಯಲ್ಲಿ ಅರ್ಧವೂ ಬರಲಿಲ್ಲ. ನಿಮ್ಮ ಜರಡಿಗೂ ಒಮ್ಮೆ ಹೀಗೆ ಪರೀಕ್ಷೆ ಮಾಡಿ.

ಕ್ವಿಂಟಾಲ್ ಮಣ್ಣಿಗೆ ಎರಡು ಕಿಲೋದಷ್ಟು ಚರಟ ಉಳಿಯಿತು. ಹೆಚ್ಚಿನದು ಗಾರ್ ಅನ್ನೋ ಗಟ್ಟಿ ಹುರುಪೆಯ ಮೀನಿನ ಹೊಳೆಯುವ ಹುರುಪೆ, ಮುರಿದ ಮೂಳೆ. ಮೈಕ್ರೋಸ್ಕೋಪ್ ಮುಂದೆ ರಾತ್ರಿಗಟ್ಟಲೆ ಕೂತು ಹೆಕ್ಕಿದೆ. ಒಂದು ರಾತ್ರಿ ಒದ್ದೆ ಕುಂಚದ ತುದಿಗೆ ಕಂದು ಬಣ್ಣದ ಚೂರೊಂದು ಅಂಟಿ ಬಂತು. ಎರಡು ಮಿಲಿಮೀಟರ್ ಕೂಡ ಇಲ್ಲ. ಮೂರು ಮೊನೆ ತ್ರಿಕೋನದಲ್ಲಿ, ಹಿಂದೆ ಸಣ್ಣ ಬೋಗುಣಿಯಂಥ ತಗ್ಗು. ಕೈ ನಡುಗಿತು. ಫೋಟೋ ಕಳಿಸಿದ ಹತ್ತು ನಿಮಿಷಕ್ಕೆ ಗೆಳೆಯರ ಫೋನು: “ಮಾರಾಯ್ರೇ, ಇದು ಸಸ್ತನಿಯ ದವಡೆ ಹಲ್ಲು! ಇನ್ನೆಷ್ಟು ಮೂಟೆ ತೊಳೀತೀರಿ?”

ಒಟ್ಟು ಖರ್ಚು ಹದಿನೈದು ಸಾವಿರದ ಆಸುಪಾಸು, ಜಾಲರಿ, ಸೀಮೆಎಣ್ಣೆ, ಸೌದೆ ಎಲ್ಲ ಸೇರಿ. ಹಲ್ಲು ಈಗ ಅವರ ಲ್ಯಾಬಿನಲ್ಲಿದೆ. ಬರುವ ಮಳೆಗಾಲಕ್ಕೆ ಇನ್ನಷ್ಟು ಮೂಟೆ ಬರುತ್ತಿವೆ. ಈ ಸಲ ಕೆಳಗೆ 60 ಮೆಶ್‌ನ ಎರಡನೇ ಪೆಟ್ಟಿಗೆಯೂ ಇಡುತ್ತೇನೆ, ಹಲ್ಲಿಗಳ ಹಲ್ಲು ತಪ್ಪಿಹೋಗಬಾರದು.