ಮಹಡಿ ಮೇಲಿನ ಲ್ಯಾಪ್‌ಟಾಪ್‌ಗೆ ಕೆಳಗಿನ ಪ್ರಿಂಟರ್ ಸಿಗ್ತಿಲ್ವಾ?

"ಅಪ್ಪಾ, ಪ್ರಿಂಟರ್ ಮತ್ತೆ ಆಫ್‌ಲೈನ್ ಅಂತಿದೆ" ಅಂತ ಮೇಲಿಂದ ಮಗಳು ಕೂಗಿದಾಗೆಲ್ಲ ನಾನು ಮಾಡ್ತಿದ್ದಿದ್ದು ಒಂದೇ, ಡ್ರೈವರ್ (ಕಂಪ್ಯೂಟರಿಗೆ ಪ್ರಿಂಟರ್ ಜೊತೆ ಮಾತಾಡೋದು ಕಲಿಸೋ ಸಾಫ್ಟ್‌ವೇರ್) ಕಿತ್ತು ಮತ್ತೆ ಹಾಕೋದು. ಎರಡು ಭಾನುವಾರ ಹಾಳಾದ್ಮೇಲೆ ಗೊತ್ತಾಯ್ತು, ಡ್ರೈವರ್ ಪಾಪ ಏನೂ ಮಾಡಿರ್ಲಿಲ್ಲ, ಒಂದೇ ಮನೇಲಿದ್ರೂ ಮೇಲಿನ ಲ್ಯಾಪ್‌ಟಾಪು, ಪ್ರಿಂಟರ್ ಅಂಟಿಸಿರೋ ಕೆಳಗಿನ ಡೆಸ್ಕ್‌ಟಾಪು, ಎರಡೂ ಬೇರೆ ಬೇರೆ ನೆಟ್‌ವರ್ಕಲ್ಲಿ ಕೂತಿದ್ವು. ಅದಕ್ಕೇ ಹೇಳೋದು, ಶೇರಿಂಗ್ (ಒಂದು ಕಂಪ್ಯೂಟರಿನ ಪ್ರಿಂಟರ್, ಫೋಲ್ಡರ್ ಇನ್ನೊಂದ್ರಿಂದ ಬಳಸೋದು) ಕೈಕೊಟ್ರೆ ಪ್ರಿಂಟರ್ ಹತ್ರ ಕೊನೇಗೆ ಹೋಗಿ. ಮೊದ್ಲು ದಾರಿ ಇದೆಯಾ ನೋಡಿ, ಆಮೇಲೆ ಬಾಗಿಲು ತೆಗ್ದಿದೆಯಾ, ಆಮೇಲೆ ಒಳಗೆ ಬಿಟ್ಕೊಳ್ತಾರಾ ಅಂತ.

ದಾರಿ ನೋಡೋದು ಹೇಗಂದ್ರೆ, ಎರಡೂ ಕಂಪ್ಯೂಟರಲ್ಲಿ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡೋ ಕಿಟಕಿ) ತೆಗೆದು ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ, ಐಪಿವಿ4 (IPv4) ಅಡ್ರೆಸ್, ಅಂದ್ರೆ ನೆಟ್‌ವರ್ಕಲ್ಲಿ ಆ ಕಂಪ್ಯೂಟರಿನ ಮನೆ ನಂಬರ್, ಬರ್ಕೊಳಿ. ನಮ್ಮನೇಲಿ ಕೆಳಗಿನ ಡೆಸ್ಕ್‌ಟಾಪ್‌ದು 192.168.1.5, ಮೇಲಿನ ಲ್ಯಾಪ್‌ಟಾಪ್‌ದು 192.168.0.7. ಮೂರನೇ ನಂಬರ್ ನೋಡಿ, ಒಂದ್ಕಡೆ 1, ಇನ್ನೊಂದ್ಕಡೆ 0, ಅಲ್ಲೇ ಇತ್ತು ಎಡವಟ್ಟು. ಫೈಬರ್ ಹಾಕಿಸಿದಾಗ ಅವರೇ ಒಂದು ವೈಫೈ ಡಬ್ಬ ಕೊಟ್ಟಿರ್ತಾರೆ, ಮೇಲಕ್ಕೆ ಸಿಗ್ನಲ್ ಬರಲ್ಲ ಅಂತ ನಾವು ಹಳೇ ರೂಟರ್‌ನ ಕೇಬಲ್ ಎಳೆದು ಮೇಲೆ ಹಾಕಿರ್ತೀವಿ, ಆ ಹಳೇ ರೂಟರ್ ತನ್ನ ಹಿಂದೆ ಇರೋವ್ರಿಗೆಲ್ಲ ಬೇರೇನೇ ಸಂಸಾರ ಹೂಡಿರುತ್ತೆ. ಇಂಟರ್ನೆಟ್ ಎರಡೂ ಕಡೆ ಬರೋದ್ರಿಂದ ಅನುಮಾನಾನೇ ಬರಲ್ಲ. ತಮಾಷೆ ಅಂದ್ರೆ ಮೇಲಿಂದ ಕೆಳಗಿನ ಕಂಪ್ಯೂಟರ್‌ಗೆ ಐಪಿ ಕೊಟ್ರೆ ಹೋಗುತ್ತೆ, ಹೆಸರು ಕೊಟ್ರೆ ಹೋಗಲ್ಲ, ಕೆಳಗಿಂದ ಮೇಲಕ್ಕೆ ಎರಡೂ ಇಲ್ಲ. ಹಳೇ ರೂಟರ್ ಸೆಟ್ಟಿಂಗಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ಸಂಸಾರ ಹೂಡದೆ ಬರೀ ವೈಫೈ ಕೊಡೋದು) ಇದ್ರೆ ಅದಕ್ಕೆ ಹಾಕಿ, ಮುಗೀತು. ಇಲ್ದಿದ್ರೆ ಅದರ ಐಪಿ ಬದಲಾಯಿಸಿ (ಯಾರಿಗೂ ಕೊಡದ, 192.168.1 ಸಾಲಿನ ಒಂದು ನಂಬರು), ಡಿಎಚ್‌ಸಿಪಿ (ಐಪಿ ನಂಬರ್ ಹಂಚೋ ಕೆಲಸ) ಆಫ್ ಮಾಡಿ, ಕೇಬಲ್‌ನ ವ್ಯಾನ್ (WAN, ಇಂಟರ್ನೆಟ್ ಬರೋ) ಪೋರ್ಟಿಂದ ಕಿತ್ತು ಲ್ಯಾನ್ (LAN, ಮನೆ ಕಂಪ್ಯೂಟರಿಗೆ ಹೋಗೋ) ಪೋರ್ಟಿಗೆ ಚುಚ್ಚಿ. ಇನ್ನೊಂದು, ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೆ ಕನೆಕ್ಟ್ ಆಗಿದ್ರೂ ಇದೇ ಗೋಳು, ಗೆಸ್ಟ್‌ನಿಂದ ಮನೆಯ ಬೇರೆ ಮಷಿನ್ ಕಾಣದ ಹಾಗೆ ಸಾಮಾನ್ಯವಾಗಿ ರೂಟರೇ ತಡೆದಿರುತ್ತೆ. ಐಪಿ 169.254 ಇಂದ ಶುರುವಾದ್ರೆ ರೂಟರಿಂದ ಅಡ್ರೆಸ್ಸೇ ಸಿಕ್ಕಿಲ್ಲ ಅಂತ, ಕೇಬಲ್ಲೋ ವೈಫೈಯೋ ಮೊದ್ಲು ಸರಿಮಾಡಿ.

ದಾರಿ ಸರಿಯಿದ್ರೆ ಬಾಗಿಲಿಗೆ ಬನ್ನಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ನಿಮ್ಮ ವೈಫೈ ಪ್ರಾಪರ್ಟೀಸ್ ಒಳಗೆ ಪಬ್ಲಿಕ್ ಅಂತ ಇದ್ರೆ ಪ್ರೈವೇಟ್ ಮಾಡಿ. ಹಾಗೇ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್. ದುಡ್ಡು ಕೊಟ್ಟು ಹಾಕಿಸಿರೋ ಆಂಟಿವೈರಸ್ ಇದ್ರೆ ಅದರ ಫೈರ್‌ವಾಲಲ್ಲೂ ಪ್ರೈವೇಟ್ ಅಂತ ಹೇಳ್ಬೇಕಾಗುತ್ತೆ. ಈಗ ಲ್ಯಾಪ್‌ಟಾಪಲ್ಲಿ ಫೈಲ್ ಎಕ್ಸ್‌ಪ್ಲೋರರ್ ಅಡ್ರೆಸ್ ಬಾರಲ್ಲಿ ನಿಮ್ಮ ಡೆಸ್ಕ್‌ಟಾಪಿನ ಐಪಿ, ನಮ್ಮನೇಲಾದ್ರೆ \\192.168.1.5 ಅಂತ ಹೊಡೀರಿ. ಹೀಗೆ ತೆರ್ಕೊಂಡ್ರೆ, ನೆಟ್‌ವರ್ಕ್ ಲಿಸ್ಟಲ್ಲಿ ಹೆಸರು ಕಾಣ್ಲಿಲ್ಲ ಅಂತ ತಲೆ ಕೆಡಿಸ್ಕೋಬೇಡಿ. ಹೋಮ್‌ಗ್ರೂಪ್ (ಮನೆ ಕಂಪ್ಯೂಟರುಗಳ ಶೇರಿಂಗಿಗೆ ವಿಂಡೋಸಲ್ಲಿದ್ದ ಹಳೇ ಸೌಲಭ್ಯ) ಎಲ್ಲಿ ಅಂತ ಹುಡುಕ್ತಿರೋವ್ರಿಗೆ, ಅದನ್ನ 2018ರಲ್ಲೇ ವಿಂಡೋಸ್ 10ರಿಂದ ತೆಗೆದಾಯ್ತು.

ಪಾಸ್‌ವರ್ಡ್ ಕೇಳೋ ಜಾಗದಲ್ಲಿ ಅರ್ಧ ಜನ ಸಿಕ್ಕಿಹಾಕ್ಕೊಳ್ತಾರೆ. ದಿನಾ ಲಾಗಿನ್ ಆಗೋ ನಾಲ್ಕಂಕಿ ಪಿನ್ ಇಲ್ಲಿ ನಡಿಯಲ್ಲ, ಅದು ಆ ಮಷಿನ್‌ಗೆ ಮಾತ್ರ. ಪಾಸ್‌ವರ್ಡೇ ಇಲ್ಲದ ಅಕೌಂಟೂ ನಡಿಯಲ್ಲ. ನಾನು ಮಾಡಿದ್ದು, ಡೆಸ್ಕ್‌ಟಾಪಲ್ಲಿ ಶೇರಿಂಗಿಗೆ ಅಂತಲೇ ಒಂದು ಲೋಕಲ್ ಯೂಸರ್ ಮಾಡಿ ಪಾಸ್‌ವರ್ಡ್ ಇಟ್ಟು, ಲ್ಯಾಪ್‌ಟಾಪಲ್ಲಿ ಅದನ್ನೇ ಕೊಟ್ಟೆ. ಪಾಸ್‌ವರ್ಡ್ ಸರಿ ಇದ್ರೂ ತಗೊಳ್ತಿಲ್ಲ ಅಂದ್ರೆ ಕ್ರೆಡೆನ್ಶಿಯಲ್ ಮ್ಯಾನೇಜರಲ್ಲಿ (ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಕೊಳ್ಳೋ ಜಾಗ) ಹಳೇದು ಕೂತಿರುತ್ತೆ, ಅಳಿಸಿ. ಒಳಗೆ ಹೋದ್ಮೇಲೂ ಫೋಲ್ಡರ್ "ಆಕ್ಸೆಸ್ ಡಿನೈಡ್" ಅಂದ್ರೆ ಶೇರಿಂಗ್ ಟ್ಯಾಬ್, ಸೆಕ್ಯೂರಿಟಿ ಟ್ಯಾಬ್ ಎರಡರಲ್ಲೂ ಪರ್ಮಿಷನ್ ನೋಡಿ, ಯಾವುದು ಬಿಗಿಯೋ ಅದೇ ಗೆಲ್ಲೋದು.

ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಎಸ್‌ಎಂಬಿ1 (ಕಂಪ್ಯೂಟರುಗಳು ಫೈಲ್ ಹಂಚ್ಕೊಳ್ಳೋಕೆ ಬಳಸ್ತಿದ್ದ ಹಳೇ ಭಾಷೆ) ಆನ್ ಮಾಡಿ ಅಂತ ಉಪದೇಶ ಸಿಗುತ್ತೆ. ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಫೈಲ್ ಬೀಗ ಹಾಕಿ ದುಡ್ಡು ಕೇಳೋ ವೈರಸ್ ಅಷ್ಟು ಕಡೆ ಹಬ್ಬಿದ್ದು ಅದರ ತೂತಿನಿಂದಾನೇ. ಹಳೇ ರೂಟರಿನ ಯುಎಸ್‌ಬಿಗೆ ಹಾಕಿದ ಹಾರ್ಡ್‌ಡಿಸ್ಕ್ ಅದೊಂದೇ ಭಾಷೆ ಮಾತಾಡಿದ್ರೆ, ಆ ಡಿಸ್ಕ್‌ನ ಯಾವುದಾದ್ರೂ ಕಂಪ್ಯೂಟರಿಗೆ ಹಾಕಿ ಶೇರ್ ಮಾಡೋದು ವಾಸಿ.

ಈಗ ಪ್ರಿಂಟರ್. ಯುಎಸ್‌ಬಿಲಿ ಡೆಸ್ಕ್‌ಟಾಪ್‌ಗೆ ಅಂಟಿರೋ ಪ್ರಿಂಟರ್ ಆದ್ರೆ ಡೆಸ್ಕ್‌ಟಾಪ್ ಎದ್ದಿರ್ಬೇಕು, ಸ್ಲೀಪ್‌ಗೆ ಹೋಗಿದ್ರೆ ಮೇಲೆ ಆಫ್‌ಲೈನ್. ಎರರ್ ನಂಬರಿನ ಕೊನೇಲಿ 11ಬಿ ಅಂತ ಬಂದ್ರೆ ಅದು 2021ರಲ್ಲಿ ಪ್ರಿಂಟ್‌ನೈಟ್‌ಮೇರ್ (ವಿಂಡೋಸ್ ಪ್ರಿಂಟಿಂಗಲ್ಲಿ ಸಿಕ್ಕ ಭದ್ರತಾ ತೂತು) ಗಲಾಟೆ ಆದ್ಮೇಲೆ ಮೈಕ್ರೋಸಾಫ್ಟ್ ಬಿಗಿ ಮಾಡಿದ್ದರ ಫಲ, ಎರಡೂ ಮಷಿನ್ ಅಪ್‌ಡೇಟ್ ಮಾಡಿ ನೋಡಿ. ರಿಜಿಸ್ಟ್ರೀಲಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ ಇಟ್ಕೊಳ್ಳೋ ಜಾಗ) ಒಂದು ಸೊನ್ನೆ ಬರೆದು ಸರಿಮಾಡೋ ಉಪಾಯ ಓಡಾಡ್ತಿದೆ, ಆ ಸೊನ್ನೆ ಬೀಗಾನೇ ತೆಗೆದ ಹಾಗೆ.

ಎಲ್ಲ ಸರಿ ಇದ್ದೂ ಪ್ರಿಂಟ್ ಕ್ಯೂ ಕದಲ್ತಿಲ್ಲ ಅಂದ್ರೆ ಡೆಸ್ಕ್‌ಟಾಪಲ್ಲಿ ಸರ್ವೀಸಸ್ ತೆಗೆದು ಪ್ರಿಂಟ್ ಸ್ಪೂಲರ್ (ಪ್ರಿಂಟ್ ಕೆಲಸಗಳನ್ನ ಸಾಲಲ್ಲಿ ನಿಲ್ಲಿಸಿ ಕಳಿಸೋ ಸರ್ವೀಸ್) ನಿಲ್ಲಿಸಿ, ವಿಂಡೋಸ್ ಫೋಲ್ಡರ್ ಒಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್, ಅಲ್ಲಿರೋ ಫೈಲ್ ಮಾತ್ರ ಅಳಿಸಿ, ಫೋಲ್ಡರ್ ಮುಟ್ಬೇಡಿ. ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡಿ. ನಾನು ಮೊದ್ಲ ಸಲ ಅದನ್ನೇ ಮರೆತು, ಪ್ರಿಂಟರ್ ಕೇಬಲ್ ಕಿತ್ತು ಕಿತ್ತು ಹಾಕ್ತಾ ಕೂತಿದ್ದೆ.