ಪರ್ಸೆಂಟ್ ಸರಿ, ಯಾವುದರ ಪರ್ಸೆಂಟ್?

ಕಳೆದ ಡಿಸೆಂಬರಿನಲ್ಲಿ ಮಂಗಳೂರಿನ ಕಂಕನಾಡಿಯ ಒಂದು ಬ್ಯೂಟಿ ಪಾರ್ಲರ್‌ನಲ್ಲಿ ಲೆಕ್ಕ ಬರೆಯಲು ಕೂತಿದ್ದೆ. ಮದುವೆ ಸೀಸನ್, ಉಸಿರಾಡಲು ಪುರುಸೊತ್ತಿಲ್ಲ. ಅಲ್ಲಿನ ಹಿರಿಯ ಹುಡುಗಿ ಬಂದು, "ಅಕ್ಕ, ಕಮಿಷನ್ ಹತ್ತು ಪರ್ಸೆಂಟ್ ಅಂದಿದ್ರಲ್ಲ?" ಎಂದಳು. "ಕೊಟ್ಟಿದ್ದೇನಲ್ಲ ಮಾರಾಯ್ತಿ" ಎಂದರು ಮಾಲಕಿ. ಸುಳ್ಳು ಹೇಳಿದವರು ಯಾರೂ ಇಲ್ಲ. ಇವಳು ಬಿಲ್ಲಿನ ಹತ್ತು ಅಂದುಕೊಂಡಿದ್ದಳು, ಅವರು ಖರ್ಚು ಕಳೆದು ಉಳಿದದ್ದರ ಹತ್ತು. ಜನವರಿಗೆ ಹುಡುಗಿ ಬೇರೆ ಕಡೆ ಸೇರಿದಳು. ಅವಳ ಕೈಗೆ ಒಗ್ಗಿದ ಗಿರಾಕಿಗಳೂ ಹಿಂದೆಯೇ ಹೋದರು.

ಇಂಥ ಜಗಳ ಬೇಡವಾದರೆ ಸಂಬಳವನ್ನು ಹೀಗೆ ಕಟ್ಟಿ.

ಮೊದಲು ಮೂಲ ಸಂಬಳ. ಸರಕಾರದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಕೂಡದು. ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ನೋಡಿಕೊಳ್ಳಿ. "ಸಂಬಳ ಇಲ್ಲ, ಬರೀ ಕಮಿಷನ್" ಎಂಬ ಪದ್ಧತಿಯನ್ನು ನಾನಂತೂ ಒಪ್ಪುವುದಿಲ್ಲ. ತುಳುವರ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಮಳೆಗೆ ಜನ ಹೊರಬೀಳುವುದಿಲ್ಲ. ಮಣಿಪಾಲದ ಕಡೆ ಕಾಲೇಜಿಗೆ ರಜೆ ಬಿದ್ದರೆ ಕುರ್ಚಿಗಳೆಲ್ಲ ಖಾಲಿ. ಆಗ ಆ ಮಕ್ಕಳು ಉಣ್ಣುವುದು ಏನನ್ನು? ಮಣಿಪುರ, ಉತ್ತರಪ್ರದೇಶದಿಂದ ಬಂದವರಿಗೆ ರೂಮ್ ಕೊಡುತ್ತೀರಾದರೆ ಬಾಡಿಗೆ ಯಾರದೆಂದು ಸೇರುವ ದಿನವೇ ಹೇಳಿ.

ಎರಡನೆಯದು ಟಾರ್ಗೆಟ್, ಅಂದರೆ ತಿಂಗಳಿಗೆ ಇಷ್ಟು ಮೊತ್ತದ ಕೆಲಸ ದಾಟಿದ ಮೇಲೆಯೇ ಕಮಿಷನ್ ಎಂಬ ಗೆರೆ. ಮೂಲ ಸಂಬಳದ ಮೂರು ಪಟ್ಟು ಇಡಿ, ಸಾಕು.

ಎಲ್ಲರೂ ಎಡವುವುದು ಮೂರನೆಯದರಲ್ಲಿ. ಕಮಿಷನ್ ಲೆಕ್ಕ ಹಾಕುವ ಮೊದಲು ಬಿಲ್ಲಿನಿಂದ ಏನೇನು ಕಳೆಯಬೇಕು?

ಜಿಎಸ್‌ಟಿ ಕಳೆಯಿರಿ, ಅದು ನಿಮ್ಮ ದುಡ್ಡಲ್ಲ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಯ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಈಗ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವಂತಿಲ್ಲ. ಹಾಗಾಗಿ ಕಲರ್, ಕೂದಲು ನಯ ಮಾಡುವ ಕೆರಾಟಿನ್ ಇವುಗಳ ಖರ್ಚು ಬರೆಯುವಾಗ ನೀವು ಕೊಟ್ಟ ತೆರಿಗೆಯನ್ನೂ ಸೇರಿಸಿಯೇ ಬರೆಯಿರಿ. ಡಿಸ್ಕೌಂಟ್ ಕೊಟ್ಟದ್ದು ನೀವಾದರೆ ಅದನ್ನು ಹುಡುಗರ ತಲೆಗೆ ಕಟ್ಟಬೇಡಿ.

ಸಾಮಾನಿನ ಖರ್ಚಿಗೆ ಒಂದು ಕೆಲಸಕ್ಕೆ ಇಷ್ಟು ಎಂದು ನಿಗದಿ ಮಾಡಿ. ಬಳಸಿದಷ್ಟನ್ನೇ ಕಳೆಯುತ್ತೇನೆಂದರೆ ಕಮಿಷನ್ ಉಳಿಸಲು ಟ್ಯೂಬನ್ನು ಹಿಂಡದೇ ಬಿಡುತ್ತಾರೆ, ಕೂದಲಿಗೆ ಬಣ್ಣವೇ ಹಿಡಿಯುವುದಿಲ್ಲ. ಇನ್ನು ಖರ್ಚು ಇಳಿಸಲೆಂದು ಹೆಸರಿಲ್ಲದ ಅಗ್ಗದ ಕೆರಾಟಿನ್ ತರುವವರಿದ್ದಾರೆ. ಫಾರ್ಮಾಲಿನ್ ವಾಸನೆಗೆ ಕಣ್ಣುರಿ ಬರುವ ಆ ಬಾಟಲಿಯನ್ನು ದಯವಿಟ್ಟು ಒಳಗೆ ತರಬೇಡಿ; ಇಡೀ ದಿನ ಅದನ್ನು ಮೂಸುವವರು ಕೆಲಸದವರೇ.

ಈಗ ಸ್ಲ್ಯಾಬ್, ಅಂದರೆ ಕಮಿಷನ್ ದರದ ಹಂತಗಳು. 80 ಸಾವಿರ ದಾಟಿದರೆ ಪೂರ್ತಿ ಮೊತ್ತಕ್ಕೆ ಶೇ 10ರ ಬದಲು ಶೇ 15 ಎಂದು ಕೆಲವರು ಹೇಳಿಬಿಡುತ್ತಾರೆ. 79,000ಕ್ಕೆ ಕಮಿಷನ್ 7,900, 80,500ಕ್ಕೆ 12,075! ಒಂದೂವರೆ ಸಾವಿರದ ಕೆಲಸಕ್ಕೆ ನಾಲ್ಕು ಸಾವಿರದ ಮೇಲೆ ಹೋಯಿತು. ಮತ್ತೆ ತಿಂಗಳ ಕೊನೆಗೆ ಐಬ್ರೋಸ್‌ಗೆ ಬಂದವರನ್ನು ಫೇಶಿಯಲ್‌ಗೆ ಕೂರಿಸದೆ ಬಿಡುತ್ತಾರಾ? ಆದಾಯ ತೆರಿಗೆಯ ಹಾಗೆ ಆಯಾ ಹಂತಕ್ಕೆ ಆಯಾ ದರ ಇರಲಿ.

ಒಂದು ಲೆಕ್ಕ ನೋಡಿ. ಮೂಲ ಸಂಬಳ 18,000, ಟಾರ್ಗೆಟ್ 54,000. ಗಿರಾಕಿಗಳು ಕೊಟ್ಟದ್ದು 1,05,000. ತೆರಿಗೆ ಕಳೆದು 1,00,000, ಸಾಮಾನಿನ 8,000 ಕಳೆದು 92,000. 54ರಿಂದ 80 ಸಾವಿರದ ನಡುವಿನ 26,000ಕ್ಕೆ ಶೇ 10, ಅಂದರೆ 2,600. ಮೇಲಿನ 12,000ಕ್ಕೆ ಶೇ 15, ಅಂದರೆ 1,800. ಸಂಬಳ ಸೇರಿ ಕೈಗೆ 22,400. ಇದನ್ನೇ ಬಿಳಿ ಹಾಳೆಯಲ್ಲಿ ಬರೆದು, ಹುಡುಗಿಯ ಕೈಗೆ ಕ್ಯಾಲ್ಕುಲೇಟರ್ ಕೊಟ್ಟು ಅವಳಿಂದಲೇ ಲೆಕ್ಕ ಹಾಕಿಸಿ. ಅವಳಿಗೆ ಅದೇ ಮೊತ್ತ ಬಂದರೆ ಇಬ್ಬರೂ ಸಹಿ ಹಾಕಿ.

ಪ್ಯಾಕೇಜ್ ಮಾರಿದ ದಿನ ಕಮಿಷನ್ ಕೊಡಬೇಡಿ. ಆರು ಫೇಶಿಯಲ್‌ನ ಪ್ಯಾಕೇಜಾದರೆ ಪ್ರತಿ ಸಲ ಮಾಡಿದವರಿಗೆ ಆರನೇ ಒಂದು ಪಾಲು. ಮದುಮಗಳ ಮೇಕಪ್‌ಗೆ ಬೆಳಿಗ್ಗೆ ನಾಲ್ಕಕ್ಕೆ ಜೊತೆಗೆ ಬಂದು ಸೆರಗಿಗೆ ಪಿನ್ ಹಾಕುವ ಹೆಲ್ಪರ್‌ಗೂ ಒಂದು ಪಾಲು ಬರೆದಿಡಿ. ಅದನ್ನು ಮರೆಯದ ಮಾಲಕರನ್ನು ನಾನು ನೋಡಿದ್ದು ಕಡಿಮೆ.

ಹತ್ತು ಜನ ಕೆಲಸಕ್ಕಿದ್ದರೆ ಇಎಸ್‌ಐ, ಅಂದರೆ ನೌಕರರ ವಿಮೆ, ಮಾಡಿಸಲೇಬೇಕು. 21,000ದವರೆಗಿನ ಸಂಬಳಕ್ಕೆ ನಿಮ್ಮದು ಶೇ 3.25, ಅವರದು ಶೇ 0.75. ಇಪ್ಪತ್ತಾದರೆ ಪಿಎಫ್ ಕೂಡ.

ಟಿಪ್ಸ್ ಈಗ ಯುಪಿಐಯಲ್ಲಿ ಬಿಲ್ಲಿನ ಜೊತೆ ನಿಮ್ಮ ಖಾತೆಗೇ ಬೀಳುತ್ತದೆ. ಅದನ್ನು ಬೇರೆ ಪುಸ್ತಕದಲ್ಲಿ ಬರೆದು ಅದೇ ಸಂಜೆ, ಶಟರ್ ಎಳೆಯುವ ಮೊದಲು, ಅವರವರ ಕೈಗೆ ಕೊಟ್ಟುಬಿಡಿ.