ಓಪನ್ ವಾಟರ್ ಮುಗಿಯಿತು, ಅಡ್ವಾನ್ಸ್ಡ್ ಸ್ಕೂಬಾ ಕೋರ್ಸಿಗೆ ಸೇರುವುದು ಯಾವಾಗ?

ಸ್ಕೂಬಾ ಡೈವಿಂಗಿನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸಿನ ನಾಲ್ಕನೆಯ ಡೈವ್ ಮುಗಿಸಿ ದಡ ಸೇರಿದ ಸಂಜೆಯೇ ಹೊಸ ಡೈವರ್‌ಗಳಲ್ಲಿ ಅನೇಕರಿಗೆ ಒಂದು ಸಲಹೆ ಕೇಳಿಬರುತ್ತದೆ: ಇನ್ನೆರಡು ದಿನ ಉಳಿದುಕೊಂಡರೆ ಅಡ್ವಾನ್ಸ್ಡ್ ಕೋರ್ಸನ್ನೂ ಮುಗಿಸಿಕೊಂಡೇ ಊರಿಗೆ ಹೋಗಬಹುದು. ಡೈವಿಂಗ್ ತರಬೇತಿಗೆ ಪ್ರಮಾಣಪತ್ರ ಕೊಡುವ ಪಾಡಿ (PADI) ಸಂಸ್ಥೆಯ ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಓಪನ್ ವಾಟರ್ ಅರ್ಹತೆ ಇದ್ದರೆ ಸಾಕು, ಅದಾದ ಮೇಲೆ ಇಂತಿಷ್ಟು ಡೈವ್ ಮಾಡಿರಲೇಬೇಕೆಂಬ ಷರತ್ತನ್ನು ಅದು ಹಾಕುವುದಿಲ್ಲ. ಆದ್ದರಿಂದ ಈಗಲೇ ಸೇರುವುದೋ ಕಾಯುವುದೋ ಎಂಬ ತೀರ್ಮಾನ ಡೈವರ್‌ನ ಹೆಗಲಿಗೇ ಬೀಳುತ್ತದೆ. ಹತ್ತು ಡೈವ್ ಆಗಲಿ ಎನ್ನುವವರಿದ್ದಾರೆ, ಐವತ್ತಾಗಲಿ ಎನ್ನುವವರೂ ಇದ್ದಾರೆ. ಸಂಖ್ಯೆಗಿಂತ ಮುಖ್ಯವಾಗಿ ನೋಡಬೇಕಾದದ್ದು, ನೀರಿನೊಳಗೆ ತನ್ನನ್ನು ತಾನು ಸಂಭಾಳಿಸಿಕೊಳ್ಳುವುದಕ್ಕೇ ಗಮನವೆಲ್ಲ ಖರ್ಚಾಗುತ್ತಿದೆಯೋ ಅಥವಾ ಹೊಸದೇನನ್ನಾದರೂ ಕಲಿಯುವಷ್ಟು ಗಮನ ಮಿಗುತ್ತಿದೆಯೋ ಎಂಬುದನ್ನು ಎಂದು ನನಗನ್ನಿಸುತ್ತದೆ.

ಮುಂದುವರಿಯುವ ಮೊದಲು ಒಂದು ಗೊಂದಲವನ್ನು ಬಗೆಹರಿಸಿಬಿಡಬೇಕು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ತರಬೇತುದಾರರು ಸಿಲಿಂಡರ್ ಹಿಡಿದುಕೊಂಡೇ ನೀರಿನೊಳಗೆ ಸುತ್ತಾಡಿಸಿ ಕರೆತಂದಿದ್ದರೆ ಅದು ಪರಿಚಯದ ಡೈವ್ ಮಾತ್ರ. ಅದರ ಗರಿಷ್ಠ ಆಳ 12 ಮೀಟರ್, ಮತ್ತು ಅದರ ಕೊನೆಯಲ್ಲಿ ಕೊಡುವ ಪ್ರಮಾಣಪತ್ರದಿಂದ ಸ್ವತಂತ್ರವಾಗಿ ಡೈವ್ ಮಾಡುವ ಅರ್ಹತೆ ಬರುವುದಿಲ್ಲ. ಅಂಥವರು ಮೊದಲು ಓಪನ್ ವಾಟರ್ ಮಾಡಬೇಕು. ಇಲ್ಲಿ ಹೇಳುತ್ತಿರುವುದು ಅದನ್ನು ದಾಟಿದವರ ವಿಷಯ.

ಕೋರ್ಸಿನಲ್ಲಿ ಸಿಗುವುದೇನು

ಪಾಡಿಯ ಅಡ್ವಾನ್ಸ್ಡ್ ಓಪನ್ ವಾಟರ್ ಎಂದರೆ ತರಬೇತುದಾರರೊಂದಿಗೆ ಮಾಡುವ ಐದು ಡೈವ್‌ಗಳು. ಅದರಲ್ಲಿ ಆಳದ ಡೈವ್ ಮತ್ತು ದಿಕ್ಸೂಚಿ ಹಿಡಿದು ದಾರಿ ಕಂಡುಕೊಳ್ಳುವ ಡೈವ್ ಕಡ್ಡಾಯ, ಉಳಿದ ಮೂರು ನಮ್ಮ ಆಯ್ಕೆ. ಓಪನ್ ವಾಟರ್‌ನಲ್ಲಿ 18 ಮೀಟರಿಗೆ ನಿಂತಿದ್ದ ಆಳದ ಮಿತಿ ಇದರಿಂದ 30 ಮೀಟರಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ದಿನಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಪ್ರತಿಯೊಂದು ಡೈವ್ ಒಂದೊಂದು ವಿಷಯದ ಮೊದಲ ಪಾಠವಷ್ಟೇ ಆಗಿರುವುದರಿಂದ ಐದನೆಯದು ಮುಗಿಯುವ ಹೊತ್ತಿಗೆ ಯಾವುದರಲ್ಲೂ ಪಳಗಿದಂತಾಗುವುದಿಲ್ಲ. ಎಸ್‌ಎಸ್‌ಐ ಎಂಬ ಇನ್ನೊಂದು ತರಬೇತಿ ಸಂಸ್ಥೆಯ ದಾರಿ ಬೇರೆ. ಅದರ ಅಡ್ವಾನ್ಸ್ಡ್ ಓಪನ್ ವಾಟರ್ ಮನ್ನಣೆ ಸಿಗಬೇಕಾದರೆ ನಾಲ್ಕು ವಿಶೇಷ ಕೋರ್ಸುಗಳನ್ನು ಪೂರ್ಣವಾಗಿ ಮುಗಿಸಿ, ಒಟ್ಟು 24 ಡೈವ್‌ಗಳನ್ನು ಲಾಗ್‌ಬುಕ್‌ನಲ್ಲಿ ತೋರಿಸಬೇಕು. ಐದು ಡೈವ್‌ಗಳ ಪಾಡಿ ಕೋರ್ಸಿಗೆ ಎಸ್‌ಎಸ್‌ಐಯಲ್ಲಿ ಸಮಾನವಾಗಿರುವುದು ಅಡ್ವಾನ್ಸ್ಡ್ ಅಡ್ವೆಂಚರರ್ ಎಂಬುದು. ಜಾಹೀರಾತುಗಳನ್ನು ಹೋಲಿಸಿ ನೋಡುವಾಗ ಇದು ನೆನಪಿರಲಿ.

ಹದಿನೆಂಟಕ್ಕೂ ಮೂವತ್ತಕ್ಕೂ ಇರುವ ಅಂತರ

ಹನ್ನೆರಡು ಮೀಟರ್ ಹೆಚ್ಚು ಎಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ ಎಂದು ತೋರಬಹುದು. ಲೆಕ್ಕ ಹಾಕಿ ನೋಡಿದರೆ ಚಿತ್ರವೇ ಬದಲಾಗುತ್ತದೆ. 18 ಮೀಟರಿನಲ್ಲಿ ಒತ್ತಡ ನೀರಿನ ಮೇಲಿರುವುದರ 2.8 ಪಟ್ಟು, 30 ಮೀಟರಿನಲ್ಲಿ 4 ಪಟ್ಟು. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬೇಕಾಗುವ ಡೈವರ್‌ಗೆ 18 ಮೀಟರಿನಲ್ಲಿ 56 ಲೀಟರ್, 30 ಮೀಟರಿನಲ್ಲಿ 80 ಲೀಟರ್ ಬೇಕಾಗುತ್ತದೆ. 11 ಲೀಟರಿನ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಸುಮಾರು 2,200 ಲೀಟರ್. ಮುಟ್ಟದೆ ಉಳಿಸಿಕೊಳ್ಳಬೇಕಾದ 50 ಬಾರ್ ಕಳೆದರೆ ಬಳಸಲು ಸಿಗುವುದು 1,650 ಲೀಟರ್. ಇಳಿಯುವ, ಏರುವ ಖರ್ಚನ್ನು ಬದಿಗಿಟ್ಟರೂ ಅದು 18 ಮೀಟರಿನಲ್ಲಿ 29 ನಿಮಿಷಕ್ಕೆ, 30 ಮೀಟರಿನಲ್ಲಿ 20 ನಿಮಿಷಕ್ಕೆ ಬರುತ್ತದೆ. ಗಾಬರಿಯಿಂದಲೋ ಪ್ರವಾಹದ ವಿರುದ್ಧ ಈಜಿಯೋ ಉಸಿರಾಟ ಒಂದೂವರೆ ಪಟ್ಟಾದರೆ ಆ 20 ನಿಮಿಷ 14ಕ್ಕೂ ಕೆಳಗೆ ಜಾರುತ್ತದೆ.

ಇದರ ಜೊತೆಗೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ನೈಟ್ರೋಜನ್ ಹೀರಿಕೆಯ ಕಾರಣದಿಂದ, ದಾರಿಯಲ್ಲಿ ಕಡ್ಡಾಯವಾಗಿ ನಿಲ್ಲಬೇಕಾಗಿ ಬಾರದಂತೆ ಮೇಲೆ ಬರಬಹುದಾದ ಗರಿಷ್ಠ ಅವಧಿ ಪಾಡಿ ಕೋಷ್ಟಕದ ಪ್ರಕಾರ ದಿನದ ಮೊದಲ ಡೈವ್‌ಗೆ 18 ಮೀಟರಿನಲ್ಲಿ 56 ನಿಮಿಷ, 30 ಮೀಟರಿನಲ್ಲಿ 20 ನಿಮಿಷ. ಅಂದರೆ 18 ಮೀಟರಿನಲ್ಲಿ ಹೊಸ ಡೈವರ್‌ನ ಗಾಳಿ ಈ ಮಿತಿಗಿಂತ ಬಹಳ ಮೊದಲೇ ಮುಗಿಯುತ್ತ ಬರುತ್ತದೆ, ಹಾಗಾಗಿ ಗಾಳಿಯ ಗೇಜ್ ಒಂದನ್ನೇ ನೋಡಿಕೊಂಡಿದ್ದರೂ ಹೆಚ್ಚಾಗಿ ನಡೆದುಹೋಗುತ್ತದೆ. 30 ಮೀಟರಿನಲ್ಲಿ ಎರಡೂ ಮಿತಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದು ನಿಲ್ಲುತ್ತವೆ. ಅದೂ ನೈಟ್ರೋಜನ್‌ನ ಅಮಲು ತಲೆಗೇರತೊಡಗುವ ಆಳದಲ್ಲಿ, ಗೇಜಿನ ಅಂಕಿಯನ್ನು ನೋಡಿಯೂ ಅದರ ಅರ್ಥ ತಟ್ಟನೆ ಹೊಳೆಯದಿರಬಹುದಾದ ಸ್ಥಿತಿಯಲ್ಲಿ. ಮೇಲೇರುವಾಗಲೂ ಕೆಲಸ ಹೆಚ್ಚು. 30ರಿಂದ 10 ಮೀಟರಿಗೆ ಬರುವಷ್ಟರಲ್ಲಿ ತೇಲುವಿಕೆ ಹೊಂದಿಸಲು ಗಾಳಿ ತುಂಬುವ ಜಾಕೆಟ್ಟಿನೊಳಗಿನ, ಅಂದರೆ ಬಿಸಿಡಿಯೊಳಗಿನ, ಗಾಳಿ ಎರಡು ಪಟ್ಟು ಹಿಗ್ಗುವುದರಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಲೇ ಬರಬೇಕು.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವ ಬಗೆ

ಇದಕ್ಕೆ ಅತ್ಯುತ್ತಮ ಸ್ಥಳ ಪ್ರತಿ ಡೈವ್‌ನ ಕೊನೆಯಲ್ಲಿ ಬರುವ ಸೇಫ್ಟಿ ಸ್ಟಾಪ್, ಅಂದರೆ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವ ಹೊತ್ತು. ಅಷ್ಟರಲ್ಲಿ ಸಿಲಿಂಡರ್‌ನಿಂದ ಖಾಲಿಯಾದ 1,650 ಲೀಟರ್ ಗಾಳಿಯ ತೂಕವೇ ಸುಮಾರು ಎರಡು ಕಿಲೋ, ಆದ್ದರಿಂದ ಡೈವ್‌ನ ಆರಂಭದಲ್ಲಿ ಸರಿಯಾಗಿದ್ದ ದೇಹ ಈಗ ಮೇಲಕ್ಕೆ ಎಳೆಯುತ್ತದೆ. ಹಗ್ಗ ಹಿಡಿಯದೆ, ಕೈ ಬೀಸದೆ, ಉಸಿರಾಟದಿಂದಲೇ ಏರಿಳಿತವನ್ನು ತಿದ್ದಿಕೊಳ್ಳುತ್ತ ಅರ್ಧ ಮೀಟರಿನ ಆಚೀಚೆಯಲ್ಲಿ ಮೂರೂ ನಿಮಿಷ ನಿಲ್ಲಲು ಸಾಧ್ಯವಾಗುತ್ತದೆಯೇ ನೋಡಿ. ಆಗುತ್ತದೆ ಎಂದಾದರೆ, ಮುಂದಿನ ಡೈವ್‌ನಲ್ಲಿ ಬಡ್ಡಿಗೆ, ಅಂದರೆ ಜೊತೆಗಾರ ಡೈವರ್‌ಗೆ, ಮೊದಲೇ ತಿಳಿಸಿ, ಅಲ್ಲೇ ಮಾಸ್ಕಿನೊಳಕ್ಕೆ ಅರ್ಧದಷ್ಟು ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕಿ, ನಂತರ ಆಳ ತೋರಿಸುವ ಡೈವ್ ಕಂಪ್ಯೂಟರ್ ನೋಡಿ. ಆಳ ಒಂದು ಮೀಟರಿಗಿಂತ ಹೆಚ್ಚು ಬದಲಾಗಿದ್ದರೆ ಗಮನವೆಲ್ಲ ಮಾಸ್ಕಿನ ಕಡೆಗೇ ಹೋಗಿತ್ತು ಎಂದರ್ಥ. 30 ಮೀಟರಿನಲ್ಲಿ ಆಳ, ಸಮಯ, ಗಾಳಿ, ಬಡ್ಡಿ ಈ ನಾಲ್ಕನ್ನೂ ಒಟ್ಟಿಗೇ ಗಮನಿಸಬೇಕಾಗುವುದರಿಂದ ಅಂಥವರು ಇನ್ನೂ ಕೆಲವು ಡೈವ್‌ಗಳನ್ನು ಕಡಿಮೆ ಆಳದಲ್ಲೇ ಮಾಡುವುದು ಲೇಸು.

ಸೇಫ್ಟಿ ಸ್ಟಾಪ್‌ನಲ್ಲಿ ನಿಲ್ಲಲಾಗದವರಲ್ಲಿ ಎಷ್ಟೋ ಮಂದಿಯ ತೊಂದರೆ ಕೌಶಲದ್ದಲ್ಲ, ತೂಕದ್ದು. ಬಾಡಿಗೆ ಸಲಕರಣೆಯೊಂದಿಗೆ ಕೈಗೆ ಸಿಕ್ಕ ತೂಕದ ಬೆಲ್ಟನ್ನೇ ಕಟ್ಟಿ ಕಳಿಸುವುದು ಎಲ್ಲೆಡೆ ನಡೆಯುತ್ತದೆ, ಬೇಗ ಮುಳುಗಲಿ ಎಂದು ಹೆಚ್ಚೇ ಕಟ್ಟುತ್ತಾರೆ. ಡೈವ್ ಮುಗಿದು 50 ಬಾರ್ ಉಳಿದಿರುವಾಗ, ಮೇಲ್ಮೈಯಲ್ಲಿ ಬಿಸಿಡಿಯನ್ನು ಪೂರ್ತಿ ಖಾಲಿ ಮಾಡಿ, ಸಾಧಾರಣ ಉಸಿರು ಹಿಡಿದು ಅಲುಗದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ತುಂಬಿದ ಸಿಲಿಂಡರ್‌ನೊಂದಿಗೆ ಈ ಪರೀಕ್ಷೆ ಮಾಡಿದರೆ ಆಗ ತಿಳಿದ ತೂಕಕ್ಕೆ ಎರಡು ಕಿಲೋ ಸೇರಿಸಿಕೊಳ್ಳಬೇಕು. ಬಂದ ಅಂಕಿಯನ್ನು ವೆಟ್‌ಸೂಟಿನ ದಪ್ಪದೊಂದಿಗೆ ಲಾಗ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯ ಪರೀಕ್ಷೆ ಇನ್ನೂ ಸರಳ. ಗಾಳಿಯ ಗೇಜ್ ನೋಡುವ ಮೊದಲು ಎಷ್ಟಿರಬಹುದೆಂದು ಮನಸ್ಸಿನಲ್ಲೇ ಅಂದಾಜಿಸಿ, ಆಮೇಲೆ ನೋಡಿ. ಅಂದಾಜು ಮತ್ತೆ ಮತ್ತೆ 20 ಬಾರ್‌ನೊಳಗೇ ಬರುತ್ತಿದ್ದರೆ ನಿಮ್ಮ ಉಸಿರಾಟದ ಅಳತೆ ನಿಮಗೆ ಸಿಕ್ಕಿದೆ. ಇನ್ನು ಸಲಕರಣೆಯನ್ನು ಯಾರ ನೆರವೂ ಇಲ್ಲದೆ ಜೋಡಿಸಲು ಬರುತ್ತದೆಯೇ, ಡೈವ್‌ನ ಮಧ್ಯದಲ್ಲಿ ಬಡ್ಡಿ ಎಲ್ಲಿದ್ದಾನೆ ಎಂದು ಕೇಳಿದರೆ ಹುಡುಕದೆ ತೋರಿಸಬಲ್ಲಿರಾ ಎಂಬುದನ್ನೂ ನೋಡಿಕೊಳ್ಳಿ.

ಯಾರು ಬೇಗ ಸೇರಬಹುದು, ಯಾರು ಕಾಯಬೇಕು

ಈ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಡೈವ್‌ಗಳ ಲೆಕ್ಕ ಹಿಡಿದು ಕಾಯಬೇಕಾಗಿಲ್ಲ. ವರ್ಷಕ್ಕೊಮ್ಮೆ ಮಾತ್ರ ಸಮುದ್ರಕ್ಕಿಳಿಯುವವರು ಗೈಡ್‌ನ ಫಿನ್ ನೋಡಿಕೊಂಡು ಹಿಂಬಾಲಿಸುತ್ತ ಇಪ್ಪತ್ತು ಡೈವ್ ಮಾಡಿದರೂ ಕಲಿಯುವುದು ಅಷ್ಟಕ್ಕಷ್ಟೇ. ತಿದ್ದಿ ಹೇಳುವವರಿರುವ ಐದು ಡೈವ್ ಅವರಿಗೆ ಹೆಚ್ಚು ಪ್ರಯೋಜನಕಾರಿ. ಹೋಗುವ ಜಾಗವೂ ತೀರ್ಮಾನವನ್ನು ಬದಲಿಸುತ್ತದೆ. ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಡಿಕ್ಸನ್ಸ್ ಪಿನಾಕಲ್ ಮತ್ತು ಜಾನೀಸ್ ಗಾರ್ಜ್‌ನಂಥ ತಾಣಗಳು 18 ಮೀಟರಿನ ಕೆಳಗೆ ಹರಡಿಕೊಂಡಿವೆ, ಅವು ಓಪನ್ ವಾಟರ್ ಡೈವರ್‌ಗಳಿಗೆ ತಕ್ಕವಲ್ಲ. ಮಾಲ್ಡೀವ್ಸ್‌ನಲ್ಲಿ ದೋಣಿಯಲ್ಲೇ ವಾಸ್ತವ್ಯವಿರುವ ಪ್ರವಾಸಗಳ ಆಯೋಜಕರಲ್ಲಿ ಅನೇಕರು ಅಡ್ವಾನ್ಸ್ಡ್ ಕಾರ್ಡ್ ಕೇಳುತ್ತಾರೆ, ಅಲ್ಲಿನ ಪ್ರವಾಹದ ಕಾರಣಕ್ಕೆ ಕೆಲವರು ಲಾಗ್‌ಬುಕ್ಕಿನ ಡೈವ್‌ಗಳ ಸಂಖ್ಯೆಯನ್ನೂ ಕೇಳುತ್ತಾರೆ. ನೇತ್ರಾಣಿಯಲ್ಲೇ ಮತ್ತೆ ಮತ್ತೆ ಡೈವ್ ಮಾಡುವ ಇರಾದೆ ಇದ್ದರೆ ಅವಸರವೇ ಬೇಡ. ಅಲ್ಲಿ ನೋಡಬೇಕಾದದ್ದರ ಬಹುಪಾಲು 18 ಮೀಟರಿನೊಳಗೇ ಸಿಗುತ್ತದೆ.

ಮಾಸ್ಕಿಗೆ ನೀರು ನುಗ್ಗಿದರೆ ಎದೆ ಧಸಕ್ಕೆನ್ನುವವರು, ಗುಂಪಿನಲ್ಲಿ ಯಾವಾಗಲೂ ಮೊದಲು ಗಾಳಿ ಮುಗಿಸಿಕೊಳ್ಳುವವರು ಕಾಯಬೇಕು. ಕೋರ್ಸ್ ಮುಗಿಸಿ ವರ್ಷ ಕಳೆದ ಮೇಲೆ ಮರಳುತ್ತಿರುವವರು ಮೊದಲು ಪುನರಭ್ಯಾಸದ ತರಗತಿ ಮಾಡಲಿ. ಕಿವಿ ನೋಯುವವರು ಅದಕ್ಕೂ ಆಳಕ್ಕೂ ಗಂಟುಹಾಕಬೇಕಾಗಿಲ್ಲ. ಒತ್ತಡದ ಪ್ರಮಾಣ ಅತಿ ವೇಗವಾಗಿ ಬದಲಾಗುವುದು ಮೊದಲ 10 ಮೀಟರಿನಲ್ಲೇ, ಹಾಗಾಗಿ ಅಲ್ಲಿ ತೊಂದರೆಯಿದ್ದರೆ ಕಾಣಬೇಕಾದದ್ದು ಕಿವಿಯ ವೈದ್ಯರನ್ನು.

ಕಾಯುವ ಕಾಲದಲ್ಲಿ ನೈಟ್ರಾಕ್ಸ್ ಕೋರ್ಸ್ ಮಾಡಿಕೊಳ್ಳಬಹುದು, ಅದಕ್ಕೆ ಓಪನ್ ವಾಟರ್ ಸಾಕು. ಆಮ್ಲಜನಕ ಹೆಚ್ಚಿಸಿದ ಆ ಮಿಶ್ರಣದಿಂದ ನೈಟ್ರೋಜನ್ ಮಿತಿ ಸಡಿಲವಾಗುತ್ತದೆ. ಗಾಳಿ ಹೆಚ್ಚು ಹೊತ್ತು ಬರುತ್ತದೆಂಬ ನಂಬಿಕೆ ಮಾತ್ರ ತಪ್ಪು, ಸಿಲಿಂಡರ್ ಮೊದಲಿನಷ್ಟೇ ಬೇಗ ಖಾಲಿಯಾಗುತ್ತದೆ. 32 ಪ್ರತಿಶತ ಮಿಶ್ರಣಕ್ಕೆ ಸುಮಾರು 33 ಮೀಟರಿನ ಆಳದ ಮಿತಿಯೂ ಇದೆ.

ತರಬೇತುದಾರರನ್ನು ಕೇಳಬೇಕಾದದ್ದು

ಒಬ್ಬ ತರಬೇತುದಾರರೊಂದಿಗೆ ಎಂಟು ವಿದ್ಯಾರ್ಥಿಗಳವರೆಗೆ ಇರಲು ಪಾಡಿ ಅವಕಾಶ ಕೊಡುತ್ತದೆ. ನಾಲ್ಕಕ್ಕಿಂತ ಹೆಚ್ಚಿರುವ ಗುಂಪಿಗೆ ಸೇರದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಣ್ಣಪುಟ್ಟ ತಪ್ಪುಗಳು ಕಣ್ಣಿಗೆ ಬೀಳುವುದು ಚಿಕ್ಕ ಗುಂಪಿನಲ್ಲೇ. ಐದು ಡೈವ್‌ಗಳ ಕ್ರಮವನ್ನೂ ವಿಚಾರಿಸಿ. ಆಯ್ಕೆಯ ಮೂರರಲ್ಲಿ ಒಂದನ್ನು ತೇಲುವಿಕೆಯ ನಿಯಂತ್ರಣಕ್ಕೆ ಮೀಸಲಿಟ್ಟು, ಅದನ್ನೇ ಮೊದಲು ಮಾಡಿಸಿ, ನಂತರ ದಿಕ್ಸೂಚಿಯ ಡೈವ್, ಆಮೇಲೆ ಆಳದ್ದು ಎಂದರೆ ಒಳ್ಳೆಯ ಸೂಚನೆ. ದಿಕ್ಸೂಚಿಯ ಡೈವ್‌ನಲ್ಲಿ 30 ಮೀಟರ್ ದೂರಕ್ಕೆ ಎಷ್ಟು ಬಾರಿ ಫಿನ್ ಒದೆಯಬೇಕೆಂದು ಎಣಿಸಿ, ಚೌಕಾಕಾರದಲ್ಲಿ ಈಜಿ ಹೊರಟಲ್ಲಿಗೇ ಮರಳಬೇಕು. ಇದನ್ನು ವಿದ್ಯಾರ್ಥಿಯೇ ಮುಂದೆ ನಿಂತು ಮಾಡಬೇಕೇ ಹೊರತು ತರಬೇತುದಾರರ ಹಿಂದೆ ಹೋಗಿ ಬರುವುದಲ್ಲ. ಆಳದ ಡೈವ್‌ನ ಗಾಳಿಯ ಲೆಕ್ಕವನ್ನು ನಮ್ಮಿಂದಲೇ ಮಾಡಿಸುತ್ತೀರಾ ಎಂದು ಕೇಳಿದಾಗ ‘ನೀವು ಸುಮ್ಮನೆ ನನ್ನ ಹಿಂದೆ ಬನ್ನಿ’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ. ಉಳಿದೆರಡು ಆಯ್ಕೆಗಳನ್ನು ಮುಂದೆ ಹೋಗಲಿರುವ ಸಮುದ್ರಕ್ಕೆ ತಕ್ಕಂತೆ ಆರಿಸಿಕೊಳ್ಳಿ: ಮಾಲ್ಡೀವ್ಸ್‌ಗಾದರೆ ಪ್ರವಾಹದ ಡೈವ್, ಮುಳುಗಿದ ಹಡಗುಗಳ ಆಸೆಯಿದ್ದರೆ ಅದರದು. ಕ್ಯಾಮೆರಾ ಸದ್ಯಕ್ಕೆ ಬೇಡ, ಅದು ಇರುವ ಗಮನವನ್ನೂ ನುಂಗಿಬಿಡುತ್ತದೆ.

ದಿನಗಳನ್ನು ಹೊಂದಿಸುವಾಗ ಕೊನೆಯ ದಿನವನ್ನು ಖಾಲಿ ಬಿಡಬೇಕು. ಒಂದೇ ಡೈವ್ ಆಗಿದ್ದರೆ ವಿಮಾನಕ್ಕೆ ಮುನ್ನ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾಗಿದ್ದರೆ ಕನಿಷ್ಠ 18 ಗಂಟೆ ಬಿಡುವು ಇರಬೇಕೆಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಶಿಫಾರಸು. ಹ್ಯಾವ್‌ಲಾಕ್‌ನಿಂದ ಹಡಗಿನಲ್ಲಿ ಪೋರ್ಟ್ ಬ್ಲೇರ್‌ಗೆ, ಅಂದರೆ 2024ರಿಂದ ಶ್ರೀ ವಿಜಯಪುರಂ ಎನಿಸಿಕೊಂಡಿರುವ ಊರಿಗೆ, ಮರಳುವುದಕ್ಕೇ ಒಂದು ದಿನ ಇಟ್ಟುಕೊಂಡರೆ ಈ ಅವಧಿ ತಾನಾಗಿ ಸಿಗುತ್ತದೆ. ನೇತ್ರಾಣಿಯಲ್ಲಿ ಡೈವ್ ಮಾಡುವ ಬೆಂಗಳೂರಿನವರು ಇದು ವಿಮಾನದವರ ಮಾತು ಎಂದುಕೊಂಡು ಬಿಟ್ಟುಬಿಡುವುದುಂಟು. ಆದರೆ ಆ ಶಿಫಾರಸು ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯವಾಗುತ್ತದೆ, ಬೆಂಗಳೂರು ಇರುವುದು 900 ಮೀಟರಿಗೂ ಮೇಲೆ. ಮಧ್ಯಾಹ್ನದವರೆಗೆ ಎರಡು ಡೈವ್ ಮಾಡಿ ಅದೇ ರಾತ್ರಿಯ ಬಸ್ಸಿನಲ್ಲಿ ಘಟ್ಟ ಹತ್ತುವ ಬದಲು ಮುರುಡೇಶ್ವರದಲ್ಲೇ ಉಳಿದು, ಮರುದಿನ ಬೆಳಿಗ್ಗೆಯ ನಂತರದ ಬಸ್ಸಿಗೆ ಟಿಕೆಟ್ ಮಾಡಿಸಿಕೊಳ್ಳಿ.